ಬಿಡಾರದಿಂದ ಬಡಾವಣೆಗೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರಕ್ಕೆ ಹೊಂದಿಕೊಂಡಂತೆ, ಆರ್‌ಪಿಸಿ ಲೇಔಟ್ ಎಂಬ ಬಡಾವಣೆಯಿದೆ. ಹಂಪಿನಗರವೆಂಬುದು ಇದರ ಮತ್ತೊಂದು ಹೆಸರು. ಹಂಪೆಯ ಕಲ್ಲುಮಂಟಪಗಳನ್ನು ನೆನೆದು ಬಂದವರಿಗೆ ಇಲ್ಲಿ ಕಾಣುವುದು ಒತ್ತೊತ್ತಾಗಿ ನಿಂತ ಮನೆಗಳು, ಹೊಸ್ತಿಲ ಮುಂದಿನ ರಂಗೋಲಿ, ಬೀದಿಯ ಕೊನೆಯಲ್ಲಿ ಹೂವು ಕಟ್ಟುತ್ತ ಕುಳಿತ ಹೆಂಗಸರು. 2015ನೆಯ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಮೆಟ್ರೋ ರೈಲು ಓಡಲಾರಂಭಿಸಿದ ಮೇಲೆ, ಅತ್ತಿಗುಪ್ಪೆಯ ನಿಲ್ದಾಣದಲ್ಲಿಳಿದು ಇಲ್ಲಿಗೆ ನಡೆದು ಬರುವುದು ಸುಲಭವಾಗಿದೆ. ನಾವೂ ಹಾಗೆಯೇ ಬಂದೆವು.

ಪ್ರವಾಸವೆಂದರೆ ದೂರ ಹೋಗುವುದೆಂದು ವಾಚಕರು ಭಾವಿಸುವುದು ಸಹಜ. ನಮ್ಮ ಪ್ರಯಾಣವು ಒಂದು ಗಂಟೆಯೊಳಗೇ ಮುಗಿಯಿತು. ಆದರೆ ನಾವು ಕಾಣಹೋದ ವೃದ್ಧೆಯು ಮೂವತ್ತು ವರ್ಷಗಳನ್ನು ಪ್ರಯಾಣದಲ್ಲಿಯೇ ಕಳೆದವರು. ಅವರು ನಾಟಕ ಕಂಪನಿಯ ನಟಿ. ಈಗ ವಯಸ್ಸು ಎಂಬತ್ತನ್ನು ದಾಟಿದೆ. ಮೊಮ್ಮಗನೊಡನೆ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿದ್ದಾರೆ. ಮಂಚದ ಕೆಳಗೊಂದು ತಗಡಿನ ಪೆಟ್ಟಿಗೆ. “ಇನ್ನೂ ಬಿಚ್ಚಿಲ್ಲ, ಬಿಚ್ಚಿದರೆ ಮತ್ತೆ ಕಟ್ಟಬೇಕಲ್ಲ!” ಎಂದು ನಕ್ಕರು.

ಅವರು ವರ್ಣಿಸಿದ ಕಂಪನಿಯ ಜೀವನವನ್ನು ಇಂದಿನ ಗೃಹಸ್ಥರು ಊಹಿಸುವುದೂ ಕಷ್ಟ. ಒಂದೂರಿನಲ್ಲಿ ಕಡೆಯ ಆಟದ ಮಂಗಳ ಹಾಡಿ ಮುಗಿಯುತ್ತಲೇ ಪರದೆಗಳನ್ನು ಬಿದಿರಿಗೆ ಸುತ್ತುವರು; ಕಾಲು ಹಾರ್ಮೋನಿಯಮ್ಮಿಗೆ ಕಂಬಳಿ ಹೊದಿಸುವರು; ಥಿಯೇಟರಿನ ತಗಡುಗಳನ್ನೂ ಗಳುಗಳನ್ನೂ ಲಾರಿಗೋ ರೈಲಿಗೋ ಏರಿಸುವರು. ಬಟ್ಟೆಯ ಗಂಟುಗಳ ಮೇಲೆ ಮಕ್ಕಳು ನಿದ್ರಿಸುವರು. ಕಣ್ಣು ಬಿಟ್ಟಾಗ ಬೇರೊಂದು ಊರು, ಬೇರೊಂದು ಬಾವಿ. ಊಟ ಕಂಪನಿಯದು; ಸಂಬಳ ಗಲ್ಲೆಯನ್ನು ಅವಲಂಬಿಸಿದುದು. ಸುಗ್ಗಿಯಾದ ಮೇಲೆ ರೈತರ ಕೈಯಲ್ಲಿ ಹಣವಾಡಿದರೆ ಕಂಪನಿಗೂ ಸುಗ್ಗಿ. ಮಳೆ ಹಿಡಿದರೆ ತಗಡಿನ ಸದ್ದಿನಲ್ಲಿ ಪಾತ್ರಧಾರಿಗಳ ಮಾತೂ ಕೇಳದು, ಗಲ್ಲೆಯೂ ತುಂಬದು. ಆದುದರಿಂದಲೇ ಬಾದಾಮಿಯ ಬನಶಂಕರಿ, ಶಿರಸಿಯ ಮಾರಿಕಾಂಬೆ ಮೊದಲಾದ ಜಾತ್ರೆಗಳನ್ನು ಕಂಪನಿಗಳು ಎದುರು ನೋಡುತ್ತಿದ್ದುದು. ಬನಶಂಕರಿಯ ಜಾತ್ರೆಯಲ್ಲಿ ಇಂದಿಗೂ ಕಂಪನಿಗಳು ಠಾಣ್ಯ ಹೂಡುತ್ತವೆ.

“ರಾತ್ರಿ ನಮ್ಮ ಹಾಡಿಗೆ ಒನ್ಸ್ ಮೋರ್ ಎಂದು ಕೂಗಿದವರೇ ಬೆಳಗ್ಗೆ ಮನೆ ಬಾಡಿಗೆಗೆ ಕೇಳಿದರೆ, ನಾಟಕದವರಿಗೆ ಕೊಡುವುದಿಲ್ಲ ಎನ್ನುತ್ತಿದ್ದರು,” ಎಂದರು ಆಕೆ. ಮಾತಿನಲ್ಲಿ ಕಹಿಯಿರಲಿಲ್ಲ.

ಇಂತಹ ಅಲೆದಾಟದಿಂದಲೇ ಕನ್ನಡನಾಡಿಗೆ ದೊರೆತ ಸಂಪತ್ತು ಅಲ್ಪವಲ್ಲ. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯು, ಗುಬ್ಬಿ ವೀರಣ್ಣನವರ (1891–1972) ಕಾಲದಲ್ಲಿ ನಾಡಿನ ಮನೆಮಾತಾಯಿತು; ಅವರ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ ಕುದುರೆಗಳೇ ರಂಗಕ್ಕೆ ಬಂದವು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಆ ಕಂಪನಿಯ ನಟರು. ಅವರ ಮಗನೇ ಅಲ್ಲಿ ಬಣ್ಣ ಹಚ್ಚಿ ಬೆಳೆದು, 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದ ಮೂಲಕ ರಾಜಕುಮಾರರಾದುದು. ಮನೆಬಿಟ್ಟು ಬಂದ ಬಾಲಕ ಬಿ. ವಿ. ಕಾರಂತರನ್ನು ಹೆಚ್ಚಿನ ವಿದ್ಯೆಗಾಗಿ ಕಾಶಿಗೆ ಕಳುಹಿಸಿದವರೂ ವೀರಣ್ಣನವರೇ. ಉತ್ತರ ಕರ್ನಾಟಕದಲ್ಲಿ ಏಣಗಿ ಬಾಳಪ್ಪನವರು ನೂರನ್ನು ಮೀರಿದ ಆಯುಸ್ಸಿನ ಬಹುಭಾಗವನ್ನು ರಂಗಭೂಮಿಗೇ ಅರ್ಪಿಸಿ 2017ರಲ್ಲಿ ತೀರಿಕೊಂಡರು. ಇವರೆಲ್ಲರ ಹೆಸರು ಉಳಿಯಿತು. ಆದರೆ ಒಬ್ಬೊಬ್ಬ ನಾಯಕನ ಹಿಂದೆಯೂ ಸಖಿಯ ಪಾತ್ರ ಮಾಡಿದವರು, ಪರದೆ ಎಳೆದವರು, ಅಡುಗೆ ಮಾಡಿ ಬಡಿಸಿದವರು ಎಷ್ಟು ಮಂದಿ!

ನಮ್ಮ ವೃದ್ಧೆಯು ಅಂತಹವರಲ್ಲೊಬ್ಬರು. ವಯಸ್ಸಾದ ಬಡ ಕಲಾವಿದರಿಗೆ ಸರ್ಕಾರವು ಕೊಡುವ ಮಾಸಾಶನಕ್ಕಾಗಿ ಮೊಮ್ಮಗನು ಅರ್ಜಿ ತುಂಬಲು ಕುಳಿತನು. ಹುಟ್ಟಿದ ಊರು? ಕಂಪನಿಯ ಬಿಡಾರದಲ್ಲಿ, ಯಾವ ಊರಿನ ಬಿಡಾರವೆಂದು ಹೇಳಬಲ್ಲ ತಾಯಿ ಈಗಿಲ್ಲ. ಶಾಲೆ? ಒಂದೂರಿನಲ್ಲಿ ಮೂರು ತಿಂಗಳು, ಇನ್ನೊಂದೂರಿನಲ್ಲಿ ಎರಡು. ನಟಿಸಿದುದಕ್ಕೆ ಆಧಾರ? ಕಂಪನಿಯು ಮುಚ್ಚಿಹೋಗಿದೆ, ಮಾಲೀಕರೂ ಇಲ್ಲ. ವಿಚಾರಿಸಹೋದ ಒಂದು ಕಚೇರಿಯಲ್ಲಿ, “ಕಾಗದವಿಲ್ಲದೆ ನಾವೇನು ಮಾಡಲಾದೀತು?” ಎಂದುಬಿಟ್ಟರು. ಮೊಮ್ಮಗನ ದುಡಿಮೆ ಸ್ವಲ್ಪ. ಬಾಡಿಗೆಯೋ ವರ್ಷಕ್ಕೊಮ್ಮೆ ಏರುವಂತಹುದು. ಈ ಮನೆಯನ್ನೂ ಬಿಡಬೇಕಾದೀತೆಂಬ ಅಂಜಿಕೆ ಅವರನ್ನು ಕಾಡುತ್ತಿತ್ತು.

ಕಡೆಗೆ ಆ ಪೆಟ್ಟಿಗೆಯನ್ನು ಬಿಚ್ಚಲೇಬೇಕಾಯಿತು. ನಾವು ಹೋದ ದಿನ ಅದು ನಮ್ಮೆದುರಿಗೇ ತೆರೆಯಿತು. ಜರಿಯುದುರಿದ ಕುಪ್ಪಸ, ಗೆಜ್ಜೆ, ಬಣ್ಣದ ಡಬ್ಬಿ. ತಳದಲ್ಲಿ ನಾಲ್ಕಾಗಿ ಮಡಿಸಿದ ಗೋಡೆಯ ಜಾಹೀರಾತು. 1958ರದು, ಅರಸೀಕೆರೆಯ ಮೊಕ್ಕಾಮಿನದು. ನಾಯಕಿಯ ಪಾತ್ರದ ಮುಂದೆ ಇವರ ಹೆಸರು ಸ್ಪಷ್ಟವಾಗಿತ್ತು. ಮೊಮ್ಮಗನು, “ಅಜ್ಜಿ, ಇಷ್ಟು ಸಾಕು! ಇದನ್ನೇ ಕೊಡೋಣ,” ಎಂದು ಹಿಗ್ಗಿದನು.

ಆಕೆಯು ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಗ ನಮಗೆ ತಿಳಿಯಿತು: ಹೆಸರು ಅಚ್ಚಾಗಿದ್ದುದು ಬೇರೆ ಚೀಟಿಯ ಮೇಲೆ, ಚೀಟಿಯ ಕೆಳಗೆ ಇನ್ನೊಂದು ಹೆಸರು ಮಸುಕಾಗಿ ಕಾಣುತ್ತಿತ್ತು.

“ಇದು ಅಕ್ಕನ ಪಾತ್ರ. ಒಡಹುಟ್ಟಿದವಳಲ್ಲ, ನನಗೆ ಹಾಡು ಕಲಿಸಿದವಳು, ಜಡೆ ಹೆಣೆದವಳು. ಅರಸೀಕೆರೆಯಲ್ಲಿ ಜ್ವರ ಬಂದು ಎಂಟು ದಿನದಲ್ಲಿ ಹೋಗಿಬಿಟ್ಟಳು. ಹೊಸದಾಗಿ ಅಚ್ಚುಹಾಕಿಸಲು ದುಡ್ಡಿರಲಿಲ್ಲ. ನನ್ನ ಹೆಸರಿನ ಚೀಟಿ ಮಾಡಿಸಿ, ಅವಳ ಹೆಸರಿನ ಮೇಲೆ ನನ್ನ ಕೈಯಲ್ಲೇ ಅಂಟು ಹಚ್ಚಿಸಿದರು. ಮಾರನೆಯ ದಿನ ಅವಳ ಸೀರೆಯುಟ್ಟು ಆಡಿದೆ. ಜನ ಚಪ್ಪಾಳೆ ತಟ್ಟಿದರು. ಈಗ ಅನ್ನಕ್ಕೂ ಅವಳ ಹೆಸರನ್ನೇ ಮುಚ್ಚಲೇ?”

ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾವು, “ಅಮ್ಮ, ಆಟ ನಿಲ್ಲದಂತೆ ನೋಡಿಕೊಂಡವರು ನೀವು. ಆ ಮೇಲಿನ ಇಪ್ಪತ್ತು ವರ್ಷದ ದುಡಿಮೆ ನಿಮ್ಮದೇ ಅಲ್ಲವೆ? ಅವರ ಹೆಸರನ್ನು ಮುಚ್ಚಬೇಡಿ, ಅರ್ಜಿಯ ಜೊತೆಗೆ ಬರೆದುಕೊಡಿ,” ಎಂದೆವು. ಆಕೆಯು ಬಹಳ ಹೊತ್ತು ಯೋಚಿಸಿದರು. ತರುವಾಯ ಮೊಮ್ಮಗನನ್ನು ಕರೆದು ಬೇರೊಂದು ಹಾಳೆಯಲ್ಲಿ ತಾವೇ ಹೇಳಿ ಬರೆಯಿಸಿದರು: ಪಾತ್ರವು ಮೊದಲು ಇಂತಹವರದು, ಅವರು ಅರಸೀಕೆರೆಯಲ್ಲಿ ತೀರಿಕೊಂಡರು, ತಮಗೆ ವಿದ್ಯೆ ಕಲಿಸಿದವರು ಅವರೇ ಎಂದು. ಜಾಹೀರಾತಿನ ನೆರಳಚ್ಚನ್ನು ಮಾತ್ರ ಕಚೇರಿಗೆ ಕೊಟ್ಟು, ಮೂಲವನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದೆಂದು ನಿಶ್ಚಯವಾಯಿತು.

ಅರ್ಜಿಯ ಫಲವಿನ್ನೂ ತಿಳಿದಿಲ್ಲ. ಆದರೆ ಅದರಲ್ಲಿ “ಕಾಯಂ ವಿಳಾಸ” ಎಂಬಲ್ಲಿ ಹುಡುಗನು ಆರ್‌ಪಿಸಿ ಲೇಔಟಿನ ಮನೆಯ ಸಂಖ್ಯೆಯನ್ನು ಬರೆದಾಗ, ಆಕೆಯು ಅದನ್ನು ಎರಡು ಸಲ ಓದಿಸಿ ಕೇಳಿದುದನ್ನು ನಾವು ಕಂಡೆವು. ನಾವು ಹೊರಡುವಾಗ ಪೆಟ್ಟಿಗೆಯು ಮಂಚದ ಕೆಳಗೆ ಹೋಗಿರಲಿಲ್ಲ. ಕುಪ್ಪಸವು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಗೆಜ್ಜೆಯು ದೇವರ ಗೂಡಿನಲ್ಲಿತ್ತು.