ವೆನಿಲ್ಲಾ ಬಳ್ಳಿಯ ತವರು

ಕಾಸರಗೋಡಿನ ಅಡಕೆ ತೋಟಗಳಲ್ಲಿ ಇಂದಿಗೂ ಅಲ್ಲಲ್ಲಿ ಒಂದು ಬಳ್ಳಿ ಕಾಣಸಿಗುತ್ತದೆ. ದಪ್ಪನೆಯ ರಸಭರಿತ ಎಲೆಗಳು, ಬೆರಳು ಗಾತ್ರದ ಹಸುರು ಕಾಂಡ, ಗಿಣ್ಣುಗಿಣ್ಣಿನಲ್ಲಿ ಎಲೆಯ ಎದುರಿನಿಂದ ಹೊರಟು ಆಸರೆಯ ಮರವನ್ನು ಅಪ್ಪಿ ಹಿಡಿದ ಬೇರುಗಳು. ಎರಡು ದಶಕಗಳ ಹಿಂದೆ ಬೆಲೆ ಮುಗಿಲು ಮುಟ್ಟಿದಾಗ ನೆಟ್ಟು, ನೆಲ ಕಚ್ಚಿದಾಗ ಕೈಬಿಟ್ಟ ವೆನಿಲ್ಲಾ ಅದು. ಆರೈಕೆಯಿಲ್ಲದೆಯೂ ಅದು ಹೂ ಬಿಟ್ಟೀತು. ಕಾಯಿ ಮಾತ್ರ ಬಿಡದು. ಈ ಬಂಜೆತನದ ಕಾರಣವನ್ನು ಅದರ ತವರಿನಲ್ಲಿ ಹುಡುಕಬೇಕು.

ಆ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ತಗ್ಗುನಾಡಿನ ಬೆಚ್ಚನೆಯ, ತೇವಭರಿತ ಅರಣ್ಯ. ಮೆಕ್ಸಿಕೋದ ವೆರಾಕ್ರೂಸ್ ಪ್ರಾಂತದ ಪಪಾಂತ್ಲಾ ಸೀಮೆಯಲ್ಲಿ ಟೊಟೊನಾಕ್ ಜನರು ಶತಮಾನಗಳಿಂದ ಇದನ್ನು ಬಲ್ಲರು. ವೆನಿಲ್ಲಾ ನಮ್ಮ ಸೀತಾಳೆದಂಡೆಯಂತೆಯೇ ಆರ್ಕಿಡ್ ಕುಲದ ಸಸ್ಯ. ಧೂಳಿನಷ್ಟು ಸಣ್ಣ ಕಪ್ಪು ಬೀಜ ಮೊಳೆಯುವುದಕ್ಕೆ ಶಿಲೀಂಧ್ರದ ನೆರವು ಬೇಕು. ಅರೆನೆರಳಿನಲ್ಲಿ ಬಳ್ಳಿ ಮರವೇರುತ್ತದೆ. ಆದರೆ ಮರದ ರಸವನ್ನು ಹೀರುವುದಿಲ್ಲ, ಆಸರೆಯನ್ನಷ್ಟೇ ಬೇಡುತ್ತದೆ.

ಹಸುರು ಬೆರೆತ ಹಳದಿ ಹೂವು ಬೆಳಗ್ಗೆ ಅರಳಿ ಅಂದೇ ಬಾಡುತ್ತದೆ. ಪರಾಗಕ್ಕೂ ಶಲಾಕಾಗ್ರಕ್ಕೂ ನಡುವೆ ತೆಳುವಾದ ಪರದೆಯೊಂದಿದ್ದು, ಅದನ್ನು ಸರಿಸದೆ ಕಾಯಿ ಕಟ್ಟದು. ತವರಿನ ಕಾಡಿನಲ್ಲಿಯೂ ಬಹಳಷ್ಟು ಹೂಗಳಲ್ಲಿ ಕೆಲವು ಮಾತ್ರ ಕಾಯಾಗುತ್ತವೆ. ಪರನಾಡಿಗೆ ಬಂದ ಬಳ್ಳಿಗೆ ಆ ಅಲ್ಪ ಭಾಗ್ಯವೂ ಇಲ್ಲ.

1820ರ ಸುಮಾರಿಗೆ ಫ್ರೆಂಚರು ಈ ಬಳ್ಳಿಯನ್ನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಒಯ್ದರು. ಹೂವಾಯಿತು, ಕಾಯಾಗಲಿಲ್ಲ. 1841ರಲ್ಲಿ ಎಡ್ಮಂಡ್ ಎಂಬ 12 ವರ್ಷದ ಗುಲಾಮ ಬಾಲಕನು ಸಣ್ಣ ಕಡ್ಡಿಯಿಂದ ಆ ಪರದೆಯನ್ನೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ ತೋರಿಸಿದನು. ಇಂದಿಗೂ ಲೋಕದ ವೆನಿಲ್ಲಾ ತೋಟಗಳಲ್ಲಿ ನಡೆಯುತ್ತಿರುವುದು ಆ ವಿಧಾನವೇ.

ವಕೀಲನಾದ ನನ್ನನ್ನು ಕಾಡುವುದು ಮುಂದಿನ ಸಂಗತಿ. ಅಂದಿನ ಕಾನೂನಿನ ಕಣ್ಣಿಗೆ ಆ ಬಾಲಕನು ವ್ಯಕ್ತಿಯಲ್ಲ, ಒಡೆಯನ ಸ್ವತ್ತು. ಆಲ್ಬಿಯಸ್ ಎಂಬ ಕುಲನಾಮವು ಅವನಿಗೆ ದೊರೆತುದು 1848ರಲ್ಲಿ ಗುಲಾಮಗಿರಿ ರದ್ದಾದ ಬಳಿಕ. ಸಸ್ಯಶಾಸ್ತ್ರಜ್ಞನೊಬ್ಬನು ಈ ಶೋಧ ತನ್ನದೆಂದಾಗ, ಹಳೆಯ ಒಡೆಯನೇ ಪತ್ರ ಬರೆದು ಕೀರ್ತಿ ಎಡ್ಮಂಡನದೆಂದು ಸಾರಿದನು. ಆ ಸಾಕ್ಷ್ಯದಿಂದ ಹೆಸರು ಉಳಿಯಿತು. ಲಾಭದ ಪಾಲು ಸಿಗಲಿಲ್ಲ. 1880ರಲ್ಲಿ ಅವನು ಬಡವನಾಗಿಯೇ ತೀರಿಕೊಂಡನು.

ಬಳ್ಳಿಯ ಸ್ಥಿತಿಯೂ ಇಂದು ಸುಖದ್ದಲ್ಲ. ತೋಟದ ವೆನಿಲ್ಲಾವನ್ನು ತುಂಡು ಬಳ್ಳಿಗಳಿಂದಲೇ ಬೆಳೆಸುವುದರಿಂದ ಗಿಡಗಿಡಕ್ಕೆ ಭೇದ ಕಡಿಮೆ; ಬೇರುಕೊಳೆ ರೋಗ ಹೊಕ್ಕರೆ ತೋಟವೇ ಬರಿದಾದೀತು. ಅತ್ತ ತವರಿನ ಕಾಡಿನಲ್ಲಿ ಅದು ಅಳಿವಿನಂಚಿಗೆ ಸರಿದಿದೆ. ಆದುದರಿಂದ ಈ ಕುಲದ ಕಾಡು ಬಂಧುಗಳಿಗೆ ಬೆಲೆ ಹೆಚ್ಚು. ಅಂಥ ಬಂಧುವೊಂದು ದಕ್ಷಿಣ ಭಾರತದ ಮತ್ತು ಶ್ರೀಲಂಕೆಯ ಕಾಡುಗಳಲ್ಲಿಯೂ ಇದೆ. ವೆನಿಲ್ಲಾ ವಾಕರೇ ಎಂಬ ಅದಕ್ಕೆ ಎಲೆಗಳಿಲ್ಲ. ಹಸುರು ಕಾಂಡವೇ ಬಿಸಿಲನ್ನುಂಡು ಆಹಾರ ತಯಾರಿಸುತ್ತದೆ, ಹೂವು ಬಿಳಿ.

ನಮ್ಮ ಮಕ್ಕಳು ಕುರುಚಲು ಕಾಡಿನಲ್ಲಿ ಎಲೆಯಿಲ್ಲದ ಹಸುರು ಬಳ್ಳಿಯನ್ನು ಕಂಡರೆ ಒಣಗಿದ್ದೆಂದು ಕತ್ತಿ ಬೀಸದಿರಲಿ. ಒಂದು ಕ್ಷಣ ನಿಂತು, ಗಿಣ್ಣಿನಲ್ಲಿ ಬೇರಿದೆಯೇ ಎಂದು ನೋಡಲಿ. ನೋಡಿದ್ದನ್ನು ಶಾಲೆಯ ವಿಜ್ಞಾನದ ಗುರುಗಳಿಗೆ ತಿಳಿಸಲಿ.