ಹಲಸಿನ ಹಣ್ಣಿನ ಮೇಲಿನ ನೊಣ

ಬೇಲೂರಿಗೆ ಹೋಗಿಬಂದವರು ಊರಿಗೆ ಮರಳಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ನೋಡಿದಷ್ಟೂ ಮುಗಿಯುವುದಿಲ್ಲ.” ನಾನು ಈ ಬಾರಿ ಅಲ್ಲಿಗೆ ಹೋದದ್ದು ನೋಡುವುದಕ್ಕಿಂತ ಹೆಚ್ಚಾಗಿ ತೋರಿಸುವುದಕ್ಕೆ. ನೋಡಬೇಕಾಗಿದ್ದವರು ನನ್ನ ತಾಯಿಯವರು. ತೋರಿಸಲು ನನ್ನ ಕೈಯಲ್ಲಿದ್ದುದು ಒಂದು ತಿಂಗಳ ಸಂಬಳವನ್ನು ಮೀರಿದ ಬೆಲೆ ತೆತ್ತು, ಮನೆಯಲ್ಲಿ ಆ ಬೆಲೆಯನ್ನು ಇನ್ನೂ ಪೂರ್ತಿಯಾಗಿ ಹೇಳದೆ ಇಟ್ಟುಕೊಂಡಿದ್ದ ಒಂದು ಮೊಬೈಲ್ ಫೋನು.

ಅದನ್ನು ಫೋನೆಂದು ಕರೆಯುವುದು ವಾಡಿಕೆಯಷ್ಟೆ. ಅದರ ಬೆನ್ನಿನ ಮೇಲೆ ದೊಡ್ಡ ವಡೆಯ ಗಾತ್ರದ ಗುಂಡನೆಯ ಉಬ್ಬೊಂದಿದೆ. ಅದರೊಳಗೆ ಮೂರು ಮಸೂರಗಳು. ಮೇಜಿನ ಮೇಲೆ ಅಂಗಾತ ಇಟ್ಟರೆ ಸಮನಾಗಿ ಕೂರದೆ ಕಾಲು ಮುರಿದ ಕುರ್ಚಿಯಂತೆ ಓಲಾಡುತ್ತದೆ. ಇಂಥ ಯಂತ್ರಗಳು ಹುಟ್ಟಿ ಬಹಳ ಕಾಲವೇನೂ ಆಗಿಲ್ಲ. 2000ದಲ್ಲಿ ಜಪಾನಿನ ಶಾರ್ಪ್ ಕಂಪನಿ ಮಾರಿದ ಕ್ಯಾಮೆರಾ ಫೋನಿನ ಚಿತ್ರದಲ್ಲಿದ್ದುದು ಕೇವಲ 1 ಲಕ್ಷ 10 ಸಾವಿರ ಚುಕ್ಕೆಗಳು. 2012ರಲ್ಲಿ ನೋಕಿಯಾದ 808 ಎಂಬ ಫೋನು 4 ಕೋಟಿ 10 ಲಕ್ಷ ಚುಕ್ಕೆಗಳೊಡನೆ ಬಂದಾಗ ಛಾಯಾಗ್ರಾಹಕರೇ ಬೆರಗಾದರು. ಇಂದು 20 ಕೋಟಿ ಚುಕ್ಕೆಗಳ ಫೋನು ನನ್ನ ಭಾವಮೈದುನನ ಜೇಬಿನಲ್ಲಿದೆ.

ಆತನ ಕಾರಿನಲ್ಲಿಯೇ ನಾವು ಹೊರಟದ್ದು.

ಹಳೆಯ ಚಿತ್ರ

ಪ್ರಯಾಣಕ್ಕೆ ಕಾರಣವಾದದ್ದು ನಮ್ಮ ಮನೆಯ ನಡುಮನೆಯಲ್ಲಿ ತೂಗುಹಾಕಿರುವ ಒಂದು ಕಪ್ಪುಬಿಳುಪಿನ ಚಿತ್ರ. 1982ರಲ್ಲಿ, ಮದುವೆಯಾದ ಹೊಸದರಲ್ಲಿ, ನನ್ನ ತಂದೆತಾಯಿಗಳು ಬೇಲೂರಿಗೆ ಹೋಗಿದ್ದರು. ಸ್ನೇಹಿತರೊಬ್ಬರಿಂದ ತಂದೆಯವರು ಎರವಲು ತಂದಿದ್ದ ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾಕ್ಕೆ ಒಂದು ಸುರುಳಿ ಹಾಕಿದರೆ ಹನ್ನೆರಡು ಚಿತ್ರಗಳು. ಹನ್ನೆರಡರಲ್ಲಿ ಏಳು ಬಂದವು. ಆ ಏಳರಲ್ಲಿ ಒಂದು ಇದು: ದೇವಾಲಯದ ಪೂರ್ವದ ಬಾಗಿಲಿನಲ್ಲಿ, ಹುಲಿಯನ್ನಿರಿಯುವ ಸಳನ ಶಿಲ್ಪದ ಪಕ್ಕದಲ್ಲಿ, ಸೆರಗನ್ನು ಹೊದ್ದು ನಿಂತಿರುವ ಅಮ್ಮ.

ತಂದೆಯವರು ತೀರಿಕೊಂಡು ನಾಲ್ಕು ವರ್ಷಗಳಾದವು. ಈಚೆಗೆ ಒಂದು ಸಂಜೆ ಅಮ್ಮ ಆ ಚಿತ್ರದ ಧೂಳೊರೆಸುತ್ತ, “ಇನ್ನೊಂದು ಸಲ ಬೇಲೂರು ನೋಡ್ಬೇಕು ಕಣೋ. ಮಂಡಿ ಇನ್ನೂ ಮಾತು ಕೇಳ್ತಿರೋವಾಗ್ಲೇ ಹೋಗ್ಬಿಡೋಣ” ಎಂದರು. ಅದೇ ಬಾಗಿಲಿನಲ್ಲಿ ಅವರನ್ನು ನಿಲ್ಲಿಸಿ ಇನ್ನೊಂದು ಚಿತ್ರ ತೆಗೆಯಬೇಕೆಂದು ನಾನು ಆಗಲೇ ನಿಶ್ಚಯಿಸಿದೆ.

ಬೆಳಗಿನ ಜಾವಕ್ಕೆ ಮೈಸೂರು ಬಿಟ್ಟೆವು. ಹೊಳೆನರಸೀಪುರವನ್ನು ದಾಟುವ ಹೊತ್ತಿಗೆ ಗದ್ದೆಗಳ ಮೇಲಿನ ಮಂಜು ಕರಗತೊಡಗಿತ್ತು. ಹಾಸನದಲ್ಲಿ ಇಡ್ಲಿ ತಿನ್ನುವಾಗ ಭಾವಮೈದುನ ಮೊದಲು ತಟ್ಟೆಯ ಚಿತ್ರ ತೆಗೆದ. ಇದು ಆಹಾರವೆಂದು ಅವನ ಫೋನಿಗೆ ತಾನಾಗಿಯೇ ತಿಳಿಯಿತಂತೆ. ಬೆಳ್ಳಗಿದ್ದ ಚಟ್ನಿ ಎಳೆಯ ಬಾಳೆಯೆಲೆಯಷ್ಟು ಹಸುರಾಗಿ ಕಂಡಿತು. “ನಿಮ್ಮದು ಐವತ್ತು ಮೆಗಾಪಿಕ್ಸೆಲ್, ನನ್ನದು ಇನ್ನೂರು, ಭಾವ” ಎಂದು ಅವನು ಹೆಮ್ಮೆಪಟ್ಟ. ಸಾಮಾನ್ಯವಾಗಿ ಆ ಫೋನು ಹದಿನಾರು ಚುಕ್ಕೆಗಳನ್ನು ಒಂದಾಗಿ ಕೂಡಿಸಿ ಹನ್ನೆರಡೂವರೆ ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಕೊಡುತ್ತದೆ, ನನ್ನದು ನಾಲ್ಕನ್ನು ಕೂಡಿಸಿ ಅಷ್ಟನ್ನೇ ಕೊಡುತ್ತದೆ ಎಂದು ನಾನು ವಿವರಿಸಿದೆ. ಅವನು ನಂಬಲಿಲ್ಲ. ಅಮ್ಮ ಇಬ್ಬರಿಗೂ ಇಡ್ಲಿ ಆರುತ್ತಿರುವುದನ್ನು ನೆನಪಿಸಿದರು.

ನವರಂಗದ ಕತ್ತಲು

ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರು. ಯಗಚಿಯ ದಡದ ಈ ಊರಿಗೆ ವೇಲಾಪುರಿಯೆಂಬ ಹೆಸರೂ ಇತ್ತು. ವಿಷ್ಣುವರ್ಧನನು ಇಲ್ಲಿ ಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಪುರದ ಬಾಗಿಲನ್ನು ದಾಟಿ ವಿಶಾಲವಾದ ಅಂಗಳಕ್ಕೆ ಕಾಲಿಟ್ಟಾಗ ಬಿಸಿಲಿನ್ನೂ ಎಳೆಯದಾಗಿತ್ತು. ನಕ್ಷತ್ರಾಕಾರದ ಜಗತಿಯ ಮೆಟ್ಟಿಲುಗಳನ್ನು ಅಮ್ಮ ನನ್ನ ಭುಜ ಹಿಡಿದು ಒಂದೊಂದಾಗಿ ಏರಿದರು.

ಮೊದಲು ದರ್ಶನ. ಗರ್ಭಗುಡಿಯ ಮೂರ್ತಿಗೆ ಕ್ಯಾಮೆರಾ ಹಿಡಿಯುವುದು ಸಲ್ಲದು. ಕೈಮುಗಿದು ನವರಂಗಕ್ಕೆ ಮರಳಿದೆವು. ವೀರಬಲ್ಲಾಳನ ಕಾಲದಲ್ಲಿ ಸೇರಿಸಿದ ಜಾಲಂಧ್ರಗಳ ಮೂಲಕ ಸೋಸಿ ಬರುವ ಬೆಳಕು ಒಂದೆರಡು ಕಂಬಗಳನ್ನು ಮುಟ್ಟಿ ಅಲ್ಲಿಯೇ ನಿಂತುಬಿಡುತ್ತದೆ. ಉಳಿದುದೆಲ್ಲ ತಂಪಾದ ಕತ್ತಲು. ಆ ಕತ್ತಲಿನಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳೂ ಮೇಲೆ ಅರಳಿದ ಭುವನೇಶ್ವರಿಯೂ ಅರ್ಧ ಕಾಣುತ್ತವೆ, ಉಳಿದರ್ಧವನ್ನು ಮನಸ್ಸು ತುಂಬಿಕೊಳ್ಳುತ್ತದೆ.

ಫೋನಿನ ಇರುಳು ವಿಧಾನವನ್ನು ಪರೀಕ್ಷಿಸಲು ಇದಕ್ಕಿಂತ ತಕ್ಕ ಸ್ಥಳ ಬೇರೆಲ್ಲಿದೆ? ಗುಂಡಿಯನ್ನು ಒಮ್ಮೆ ಮುಟ್ಟಿದರೆ ಅದು ಎರಡು ಮೂರು ಸೆಕೆಂಡುಗಳಲ್ಲಿ ಹಲವು ಚಿತ್ರಗಳನ್ನು ತೆಗೆದು, ಕೈಯ ನಡುಕವನ್ನು ಸರಿಹೊಂದಿಸಿ, ಒಂದರ ಮೇಲೊಂದು ಜೋಡಿಸಿ, ಪ್ರತಿಯೊಂದರಲ್ಲೂ ಬೇರೆ ಬೇರೆ ಕಡೆ ಬೀಳುವ ಕಲೆಗಳನ್ನು ಸರಾಸರಿಯಲ್ಲಿ ಅಳಿಸಿಹಾಕುತ್ತದೆ. ಫಲ ಬೆರಗುಗೊಳಿಸುವಂತಿತ್ತು. ನರಸಿಂಹ ಕಂಬದ ಮೇಲಿನ ಪುಟ್ಟ ವಿಗ್ರಹಗಳು ನಡುಹಗಲಿನಲ್ಲಿ ನಿಂತಂತೆ ಬೆಳಗಿದವು. ಅಮ್ಮ ಪರದೆಯನ್ನೂ ಕಂಬವನ್ನೂ ಎರಡು ಸಲ ನೋಡಿ, “ಚೆನ್ನಾಗಿದೆ. ಆದ್ರೆ ಇಷ್ಟು ಬೆಳಕು ಇಲ್ಲಿ ಇಲ್ವಲ್ಲೋ” ಎಂದರು. ಆ ಮಾತನ್ನು ನಾನು ಆಗ ಹಗುರಾಗಿ ತೆಗೆದುಕೊಂಡೆ.

ಎತ್ತರದ ಸುಂದರಿಯರು

ಹೊರಗೆ, ಚಾಚಿಕೊಂಡ ಸೂರಿನ ಕೆಳಗೆ, ಒರಗುಗಲ್ಲುಗಳಂತೆ ಮುಂದಕ್ಕೆ ವಾಲಿಕೊಂಡು 38 ಮದನಿಕೆಯರಿದ್ದಾರೆ. ದರ್ಪಣದಲ್ಲಿ ಮುಖ ನೋಡಿಕೊಳ್ಳುವವಳು, ಗಿಳಿಯೊಡನೆ ಮಾತನಾಡುವವಳು, ಬೇಟೆಗೆ ಹೊರಟವಳು. ಅವರನ್ನು ನೋಡಬೇಕಾದರೆ ಕತ್ತನ್ನು ಹಿಂದಕ್ಕೆ ಚೆಲ್ಲಬೇಕು. ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಇನ್ನೊಂದು ಕಣ್ಣು ಸರದಿ ಕಾಯುತ್ತಿರುವ, ಕತ್ತು ನೋವಿನ ನನ್ನ ತಾಯಿಗೆ ಅದು ಸಾಧ್ಯವಿರಲಿಲ್ಲ. ಅವರನ್ನು ಜಗತಿಯ ಅಂಚಿನಲ್ಲಿ ಕುಳ್ಳಿರಿಸಿ, ನಾನು ಮದನಿಕೆಯರನ್ನು ಒಬ್ಬೊಬ್ಬರನ್ನಾಗಿ ಕೆಳಗಿಳಿಸಿ ಅವರ ಅಂಗೈಗೆ ತಂದೆ.

ಈ ಕಾರ್ಯದಲ್ಲಿ ಫೋನಿಗೆ ಪೂರ್ತಿ ಅಂಕ ಕೊಡಬೇಕು. ದೂರದ್ದನ್ನು ಹತ್ತಿರಕ್ಕೆ ತರುವ ಮಸೂರ ಉದ್ದವಾಗಿರಬೇಕು, ಫೋನಿನ ದಪ್ಪವಾದರೋ ಒಂದು ಸೆಂಟಿಮೀಟರೂ ಇಲ್ಲ. ಆದ್ದರಿಂದ ಜಲಾಂತರ್ಗಾಮಿ ನೌಕೆಯ ಪೆರಿಸ್ಕೋಪಿನಲ್ಲಿರುವಂತೆ ಒಂದು ಪಟ್ಟಕವನ್ನಿಟ್ಟು, ಬೆಳಕನ್ನು ಮೂಲೆಮಟ್ಟವಾಗಿ ತಿರುಗಿಸಿ, ಫೋನಿನ ಅಗಲಕ್ಕೆ ಅಡ್ಡಲಾಗಿ ಮಸೂರಗಳನ್ನು ಮಲಗಿಸಿದ್ದಾರೆ. ಹೀಗೆ ಐದು ಪಟ್ಟಿನವರೆಗೆ ಹತ್ತಿರ ತರುವುದು ನಿಜವಾದ ಗಾಜಿನ ಕೆಲಸ. ಅಮ್ಮ ಕನ್ನಡಕ ಏರಿಸಿ, ಬಳೆಗಳನ್ನೂ ಜಡೆಯ ಬಿಲ್ಲೆಗಳನ್ನೂ ಎಣಿಸುತ್ತ, ಒಡವೆಯ ಅಂಗಡಿಯಲ್ಲಿ ಕುಳಿತವರಂತೆ ಮೈಮರೆತರು.

ಆಮೇಲೆ ಒಮ್ಮೆಲೇ ಕೇಳಿದರು: “ಹಲ್ಲಿ ಎಲ್ಲೋ?”

ಮದನಿಕೆಯೊಬ್ಬಳ ತಲೆಯ ಮೇಲಿನ ಎಲೆಬಳ್ಳಿಗಳ ಚಪ್ಪರದಲ್ಲಿ ಒಂದು ಹಲಸಿನ ಹಣ್ಣಿದೆ. ಹಣ್ಣಿನ ಮೇಲೊಂದು ನೊಣ. ನೊಣವನ್ನು ಹಿಡಿಯಲು ಹೊಂಚಿದ ಒಂದು ಹಲ್ಲಿ. ಬೇಲೂರಿನ ಮಾರ್ಗದರ್ಶಕರು ತಪ್ಪದೆ ಹೇಳುವ ಸಂಗತಿಯಿದು. 1982ರಲ್ಲಿಯೂ ಒಬ್ಬರು ಹೇಳಿದ್ದರಂತೆ.

ನಮ್ಮ ಮಾರ್ಗದರ್ಶಕರು ಬೆರಳು ಮಾಡಿದ ಕಡೆಗೆ ಫೋನೆತ್ತಿ ಮೂವತ್ತು ಪಟ್ಟು ಹತ್ತಿರ ಮಾಡಿದೆ. ಕ್ಷಣಕಾಲ ಮಸುಕಾಗಿದ್ದ ಪರದೆ ತಟಕ್ಕನೆ ತಿಳಿಯಾಯಿತು. ಹಲ್ಲಿಯ ಬೆನ್ನು, ಹಣ್ಣಿನ ಮುಳ್ಳು, ನೊಣದ ರೆಕ್ಕೆಯ ಗೆರೆಗಳು ಸಹ! ಅಮ್ಮ ಬಹಳ ಹೊತ್ತು ಅದನ್ನು ನೋಡಿದರು. ಏನೂ ಹೇಳಲಿಲ್ಲ.

ಇವಳು ಯಾರು?

ಅನಂತರ ಪೂರ್ವದ ಬಾಗಿಲಿಗೆ ಬಂದೆವು. ಸಳ ಇನ್ನೂ ಹುಲಿಯನ್ನು ಇರಿಯುತ್ತಲೇ ಇದ್ದ. ಅಮ್ಮ ಅದೇ ಸ್ಥಳದಲ್ಲಿ, ಸೆರಗನ್ನು ಹಾಗೆಯೇ ಹೊದ್ದು ನಿಂತರು. ಹಿನ್ನೆಲೆಯನ್ನು ತುಸು ಮಸುಕಾಗಿಸುವ ಭಾವಚಿತ್ರದ ವಿಧಾನದಲ್ಲಿ ನಾನು ಆರೇಳು ಚಿತ್ರಗಳನ್ನು ತೆಗೆದು ಹೆಮ್ಮೆಯಿಂದ ತೋರಿಸಿದೆ.

ಅಮ್ಮ ನೋಡಿ ಕೇಳಿದರು: “ಇವಳ್ಯಾರೋ?”

ನನ್ನ ತಾಯಿಗೆ ಐದನೆಯ ವಯಸ್ಸಿನಲ್ಲಿ ಸಿಡುಬಾಗಿತ್ತು. ಕೆನ್ನೆಗಳ ಮೇಲೆ ಅದರ ಕಲೆಗಳಿವೆ. ಹುಟ್ಟಿದಂದಿನಿಂದ ನಾನು ಕಂಡ ಮುಖವದು. ಆ ಕಲೆಗಳಿಲ್ಲದ ಅಮ್ಮ ನನಗೆ ಗೊತ್ತಿಲ್ಲ. ಪರದೆಯ ಮೇಲಿದ್ದ ಹೆಂಗಸಿಗೆ ಕಲೆಯೊಂದೂ ಇರಲಿಲ್ಲ, ಸುಕ್ಕುಗಳೂ ಇರಲಿಲ್ಲ. ಹಿಟ್ಟು ನಾದಿ ಸವರಿದಂತೆ ನುಣುಪಾದ, ಹೊಳೆಯುವ ಮುಖ. ಕಿವಿಯ ಬಳಿಯ ಒಂದಿಷ್ಟು ನರೆಗೂದಲನ್ನೂ ಫೋನು ಹಿನ್ನೆಲೆಯೆಂದು ಬಗೆದು ಅಳಿಸಿಹಾಕಿತ್ತು. ಸೌಂದರ್ಯ ತಿದ್ದುವ ಏರ್ಪಾಡು ಕೊಂಡ ದಿನದಿಂದಲೂ ಚಾಲನೆಯಲ್ಲಿತ್ತು. ನಾನದನ್ನು ಗಮನಿಸಿರಲಿಲ್ಲ, ಏಕೆಂದರೆ ಅಷ್ಟು ದಿನವೂ ಅದು ತಿದ್ದಿದ್ದು ನನ್ನ ಮುಖವನ್ನು.

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಅಮ್ಮನ ಮುಖವನ್ನು ಹೀಗೆ ಬರೆದುಕೊಂಡ ಯಂತ್ರ, ಆ ಹಲ್ಲಿಯನ್ನೂ ತಾನೇ ಬರೆದಿದ್ದರೆ? ಈ ಶಂಕೆ ಆಧಾರವಿಲ್ಲದ್ದಲ್ಲ. 2023ರಲ್ಲಿ ಒಬ್ಬಾತ ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕುಗೊಳಿಸಿ, ಗಣಕದ ಪರದೆಯ ಮೇಲಿಟ್ಟು, ದೂರದಿಂದ ಹೆಸರಾಂತ ಫೋನೊಂದರಲ್ಲಿ ಅದರ ಚಿತ್ರ ತೆಗೆದ. ಮೂಲದಲ್ಲಿಲ್ಲದ ಕುಳಿಗಳೂ ಗೆರೆಗಳೂ ಫೋನಿನ ಚಿತ್ರದಲ್ಲಿ ಮೂಡಿದ್ದುವು! ಗಾಜಿನ ಶಕ್ತಿ ಮುಗಿದ ಮೇಲೆ ಯಂತ್ರವು ತಾನು ಹಿಂದೆ ಕಲಿತ ಸಾವಿರಾರು ಚಿತ್ರಗಳ ಬಲದಿಂದ ಇಲ್ಲಿ ಹೀಗಿರಬೇಕೆಂದು ಊಹಿಸಿ ತುಂಬುತ್ತದೆ.

ಅಮ್ಮನನ್ನು ನೆರಳಿನಲ್ಲಿ ಕುಳ್ಳಿರಿಸಿ ನಾನು ಮದನಿಕೆಯ ಕೆಳಗೆ ಮತ್ತೆ ಓಡಿದೆ. ಎಲ್ಲ ತಿದ್ದುಪಡಿಗಳನ್ನು ಆರಿಸಿ, ಗಾಜಿನ ಸ್ವಂತ ಶಕ್ತಿಯಾದ ಐದು ಪಟ್ಟಿನಲ್ಲಿಯೇ ಚಿತ್ರ ತೆಗೆದು ಬೆರಳಿನಿಂದ ಹಿಗ್ಗಿಸಿದೆ. ಹಲ್ಲಿಯಿತ್ತು. ಸಣ್ಣದಾಗಿ, ತುಸು ಮಸುಕಾಗಿ, ಆದರೆ ಸಂದೇಹವಿಲ್ಲದಂತೆ ಇತ್ತು. ಹಣ್ಣಿನ ಮೇಲೆ ಎಳ್ಳುಕಾಳಿನಷ್ಟು ಒಂದು ಉಬ್ಬು. ಅದೇ ನೊಣ. ರೆಕ್ಕೆಯ ಗೆರೆಗಳನ್ನು ಶಿಲ್ಪಿ ಕೊರೆದನೋ ಫೋನು ಕೊರೆಯಿತೋ, ಕೆಳಗೆ ನಿಂತ ನಾನು ಹೇಳಲಾರೆ.

ಇದನ್ನೆಲ್ಲ ಅಮ್ಮನಿಗೆ ಇದ್ದಂತೆ ಹೇಳಿ ಎರಡನೆಯ ಚಿತ್ರವನ್ನು ತೋರಿಸಿದೆ.

“ಇಷ್ಟು ಸಾಕು ಬಿಡು. ಇದ್ಯಲ್ಲ, ಸಾಕು” ಎಂದರು. ಸ್ವಲ್ಪ ಹೊತ್ತಿನ ಮೇಲೆ ನಕ್ಕು ಮುಂದುವರಿಸಿದರು: “ಅವತ್ತು ನಿಮ್ಮಪ್ಪ ಕಂಡ್ತಾ ಅಂತ ಕೇಳಿದ್ರು. ಹಿಂದೆ ಜನ ಕಾಯ್ತಿದ್ರು, ಕಂಡ್ತು ಅಂದ್ಬಿಟ್ಟೆ. ಎಷ್ಟೋ ವರ್ಷ ಆದ್ಮೇಲೆ ಒಂದಿನ ಅವರೇ ಹೇಳಿದ್ರು, ಅವರಿಗೂ ಕಂಡಿರ್ಲಿಲ್ಲ ಅಂತ. ಈಗ ನಾನೊಬ್ಳೇ ನೋಡ್ದ ಹಾಗಾಯ್ತು.”

ನಾನು ತಿದ್ದುಪಡಿಯಿಲ್ಲದೆ ಇನ್ನೊಂದು ಚಿತ್ರ ತೆಗೆದೆ. ಅಮ್ಮ ಅದನ್ನು ನೋಡಿ ತಲೆಯಾಡಿಸಿದರು.

ರುಜು

ಮದನಿಕೆಯರ ಪೀಠಗಳಲ್ಲಿ ಕೆಲವೆಡೆ ಶಿಲ್ಪಿಗಳ ಹೆಸರುಗಳಿವೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನನ್ನ ಫೋನು ಕೂಡ ತೆಗೆದ ಪ್ರತಿಯೊಂದು ಚಿತ್ರದ ಮೂಲೆಯಲ್ಲಿ ತನ್ನ ಕಂಪನಿಯ ಹೆಸರನ್ನು ಕೇಳದೆಯೇ ಒತ್ತುತ್ತಿತ್ತು. ಅಂದು ಆ ರುಜುವನ್ನೂ ಅಳಿಸಿದೆ. ಇಂಥ ಫೋನು ಕೊಂಡವರಿಗೆ ನನ್ನ ಅನುಭವದ ಸಲಹೆಗಳು ಕೆಲವೇ: ಮೊದಲ ದಿನವೇ ಮುಖ ತಿದ್ದುವ ಏರ್ಪಾಡನ್ನು ಆರಿಸಿಬಿಡಿ. ಗಾಜಿನ ಸ್ವಂತ ಶಕ್ತಿ ಎಷ್ಟು ಪಟ್ಟಿನದೆಂದು ತಿಳಿದು ಅಲ್ಲಿಯೇ ನಿಲ್ಲಿ. ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿಕೊಳ್ಳಿ, ಅರ್ಧ ಚಿತ್ರಗಳು ಕೆಡುವುದು ಜೇಬಿನ ಜಿಡ್ಡಿನಿಂದ. ಚಿತ್ರಗಳ ಪ್ರತಿಯನ್ನು ಇನ್ನೊಂದೆಡೆ ಇಡಿ.

ಅಲ್ಲಿಂದ 16 ಕಿಲೋಮೀಟರು ದೂರದ ಹಳೇಬೀಡನ್ನು ತಲಪುವಷ್ಟರಲ್ಲಿ ನನ್ನ ಫೋನು ಕಾದು, ಬ್ಯಾಟರಿ ಬರಿದಾಗಿ ಕಣ್ಣು ಮುಚ್ಚಿತ್ತು. ಭಾವಮೈದುನನ 20 ಕೋಟಿ ಚುಕ್ಕೆಗಳ ಫೋನಿನಲ್ಲಿ ಜಾಗ ಮುಗಿದಿತ್ತು. ಹೊಯ್ಸಳೇಶ್ವರನ ಗೋಡೆಯ ಆನೆಗಳ ಸಾಲನ್ನು ಮೂವರೂ ಬರಿಗಣ್ಣಿನಿಂದ ನೋಡಿದೆವು. ಅದೂ ಚೆನ್ನಾಗಿಯೇ ಇತ್ತು.

ಮೈಸೂರಿಗೆ ಬಂದ ಮೇಲೆ ಒಂದು ಲೆಕ್ಕ ಹಾಕಿದೆ. ನನ್ನ ಫೋನಿನ ಪ್ರಧಾನ ಸಂವೇದಕವನ್ನು ‘ಒಂದು ಅಂಗುಲ’ದ್ದೆಂದು ಹೊಗಳುತ್ತಾರೆ. ಅಳೆದರೆ ಅದು 13.2 ಮಿಲಿಮೀಟರ್ ಉದ್ದ, 8.8 ಅಗಲ. ತಂದೆಯವರ ಎರವಲು ಕ್ಯಾಮೆರಾದ ಫಿಲ್ಮಿನಲ್ಲಿ ಚಿತ್ರ ಬೀಳುತ್ತಿದ್ದ ಜಾಗ ಸುಮಾರು 56 ಮಿಲಿಮೀಟರಿನ ಚೌಕ. ಅದು 27 ಪಟ್ಟು ದೊಡ್ಡದು! ಇಷ್ಟು ಚಿಕ್ಕ ಕಿಟಕಿಯಿಂದ ಇಷ್ಟೊಂದು ಕಾಣಿಸಬೇಕಾದರೆ ಲೆಕ್ಕಾಚಾರ ಬೇಕೇ ಬೇಕು. ಆ ಲೆಕ್ಕಾಚಾರದಿಂದಲೇ ಅಮ್ಮನಿಗೆ ನವರಂಗದ ಕಂಬ ಕಂಡಿತು. ಮುಖವನ್ನು ತಿದ್ದುವ ಆಸೆಯೂ ಫೋನಿನಿಂದ ಹುಟ್ಟಿದ್ದಲ್ಲ. ಹಿಂದಿನ ಸ್ಟುಡಿಯೋಗಳಲ್ಲಿ ನೆಗೆಟಿವಿನ ಮೇಲೆ ಸಣ್ಣ ಪೆನ್ಸಿಲಿನಿಂದ ಮೊಡವೆಗಳನ್ನು ಅಳಿಸುವವರಿದ್ದರು. ಆದರೆ ಅವರು ಕೇಳಿ ಅಳಿಸುತ್ತಿದ್ದರು.

ಬಾಗಿಲಿನ ಚಿತ್ರವನ್ನು ಅಚ್ಚು ಹಾಕಿಸಲು ನಮ್ಮ ಬಡಾವಣೆಯ ಸ್ಟುಡಿಯೋಗೆ ಹೋದಾಗ, ಅಲ್ಲಿನ ಹುಡುಗ ಗಣಕದ ಮೇಲೆ ಅಮ್ಮನ ಮುಖವನ್ನು ದೊಡ್ಡದು ಮಾಡಿ, ಸೌಜನ್ಯದಿಂದಲೇ ಕೇಳಿದ: “ಕೆನ್ನೆ ಸ್ವಲ್ಪ ಕ್ಲೀನ್ ಮಾಡ್ಲಾ ಸಾರ್?”

“ಬೇಡಪ್ಪ, ಹಾಗೇ ಇರ್ಲಿ” ಎಂದೆ.

ಈಗ ನಡುಮನೆಯಲ್ಲಿ ಎರಡು ಚಿತ್ರಗಳಿವೆ. ಅಮ್ಮ ಎರಡರ ಧೂಳನ್ನೂ ಒರೆಸುತ್ತಾರೆ.