ಹಿತ್ತಾಳೆಯ ಬಿಲ್ಲೆ

ಮನುಷ್ಯನಿಗೆ ಹಿಡಿಯುವ ಹುಚ್ಚುಗಳಲ್ಲಿ ಸಂಗ್ರಹದ ಹುಚ್ಚು ಬಹಳ ಸಾಧುವಾದದ್ದೆಂದು ಲೋಕದ ಅಭಿಪ್ರಾಯ. ಇಸ್ಪೀಟಿನ ಹುಚ್ಚಿನವನು ಮನೆ ಕಳೆದುಕೊಳ್ಳುತ್ತಾನೆ. ಸಂಗೀತದ ಹುಚ್ಚಿನವನು ನೆರೆಯವರ ಸ್ನೇಹ ಕಳೆದುಕೊಳ್ಳುತ್ತಾನೆ. ಅಂಚೆಚೀಟಿ ಕೂಡಿಸುವವನಿಂದ ಯಾರಿಗೆ ತಾನೆ ಕೇಡು? ನಾನೂ ಹಾಗೆಯೇ ತಿಳಿದಿದ್ದೆ. ಈಚೆಗೆ ಕೋಲಾರದ ಚಿನ್ನದ ಗಣಿಯ ಊರಿಗೆ ಹೋಗಿಬಂದ ಮೇಲೆ ಈ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗಿದೆ.

ಅಲ್ಲಿನ ಒಂದು ಶಾಲೆಯಲ್ಲಿ ನನ್ನ ತಂಗಿಯ ಮಗ ಮೇಷ್ಟರು. “ಮಾವ, ಶಾಲೆಯ ಸೂರು ಸೋರುತ್ತಿದೆ. ಸಹಾಯಾರ್ಥ ಸಂಗ್ರಹವಸ್ತುಗಳ ಪ್ರದರ್ಶನ ಇಟ್ಟಿದ್ದೇವೆ. ಮಧ್ಯಾಹ್ನ ಹರಾಜು ಇದೆ. ನಿಮ್ಮ ಡಬ್ಬಿ ತನ್ನಿ” ಎಂದು ಫೋನು ಮಾಡಿದ. ನನ್ನ ಡಬ್ಬಿ ಎಂದರೆ ಒಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ನಾಲ್ಕು ಬಾಡಿಗೆ ಮನೆಗಳನ್ನೂ ಒಂದು ಸ್ವಂತ ಮನೆಯನ್ನೂ ಕಂಡಿದೆ. ಅದನ್ನು ಹೊರಗೆ ಹಾಕಬೇಕೆಂಬುದು ನನ್ನಾಕೆಯ ಬಹುಕಾಲದ ಬೇಡಿಕೆ. “ಅಂತೂ ಶಾಲೆಯಿಂದ ಒಂದು ಉಪಕಾರವಾಯಿತು” ಎಂದಳು.

ಬೆಂಗಳೂರಿನಿಂದ ರೈಲಿನಲ್ಲಿ ಬಂಗಾರಪೇಟೆಗೆ ಬಂದಿಳಿದೆ. ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಬೌರಿಂಗ್‌ಪೇಟೆಯಾಗಿದ್ದ ಊರು, ನಾನು ಹುಡುಗನಾಗಿದ್ದಾಗ ಬಂಗಾರಪೇಟೆಯೇ ಆಗಿತ್ತು. ತಂದೆಯವರು ಇಲ್ಲಿನ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಈಗ ಊರಿಗೆ ಕೀರ್ತಿ ತಂದಿರುವುದು ಪಾನಿಪೂರಿ; ಇಲ್ಲಿಯದರ ನೀರು ಹಸಿರಲ್ಲ, ತಿಳಿ. ನೋಡಿದರೆ ಬರಿಯ ನೀರು, ಬಾಯಿಗೆ ಹಾಕಿದರೆ ಕಣ್ಣಿನಲ್ಲಿ ನೀರು. ಒಂದು ತಟ್ಟೆ ಮುಗಿಸಿ ಮಾರಿಕುಪ್ಪಂ ರೈಲು ಹತ್ತಿದೆ. ಕೋರಮಂಡಲ್, ಉರಿಗಾಂ, ಚಾಂಪಿಯನ್: ನಾನು ದಿನವೂ ಶಾಲೆಗೆ ಹೋಗುತ್ತಿದ್ದ ದಾರಿಯೇ. ಕಿಟಕಿಯಿಂದ ಕಾಣುವ ಆ ಬೂದುಬಣ್ಣದ ದಿಬ್ಬಗಳು, ಚಿನ್ನ ತೆಗೆದುಕೊಂಡ ಮೇಲೆ ಉಳಿದ ಕಲ್ಲಿನ ಪುಡಿ, ಹಾಗೆಯೇ ಬಿದ್ದಿವೆ.

1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಅಗೆಯಲು ತೊಡಗಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಬಂದದ್ದು ಈ ಗಣಿಗಳಿಗೆ. ಬೆಂಗಳೂರು ಇನ್ನೂ ಸೀಮೆಎಣ್ಣೆಯ ದೀಪದಲ್ಲಿತ್ತು. ನೆಲದೊಳಕ್ಕೆ 3 ಕಿಲೋಮೀಟರಿಗೂ ಆಳಕ್ಕೆ ಇಳಿದು, ಒಟ್ಟು ಸುಮಾರು 800 ಟನ್ ಚಿನ್ನ ತೆಗೆದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಬೆಳಗಿನ ರೈಲುಗಳಲ್ಲಿ ಊರಿನ ಜನ ಕೂಲಿಗೂ ನೌಕರಿಗೂ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ.

ಶಾಲೆಯ ಹಜಾರದಲ್ಲಿ ಹದಿನೈದು ಮೇಜು ಹಾಕಿದ್ದರು. ಪ್ರವೇಶಕ್ಕೆ ಇಪ್ಪತ್ತು ರೂಪಾಯಿ, ಮೇಜಿನ ಬಾಡಿಗೆ ಮುನ್ನೂರು. ಎಲ್ಲವೂ ಸೂರಿನ ಲೆಕ್ಕಕ್ಕೆ. ಒಂದು ಕಡೆ ಮೈಸೂರಿನ ಹಳೆಯ ತಾಮ್ರದ ಕಾಸುಗಳು, ಇನ್ನೊಂದು ಕಡೆ ಬೆಂಕಿಪೊಟ್ಟಣದ ಚಿತ್ರಗಳು. ಏಳನೆಯ ತರಗತಿಯ ಹುಡುಗಿಯೊಬ್ಬಳು ಹೈದರಾಲಿಯ ವರಹದ ಮುಂದೆ ನಿಂತು ವಿವರಿಸುತ್ತಿದ್ದಳು. ಹೈದರ್ ಹುಟ್ಟಿದ್ದು ಇದೇ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಅವನ ವರಹದ ಒಂದು ಮುಖದಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ಅವನ ಹೆಸರಿನ ಮೊದಲಕ್ಷರ. ಎಲ್ಲವೂ ಸರಿ; ಆದರೆ ಮೇಜಿನ ಮೇಲೆ ಇದ್ದದ್ದು ವರಹದ ಫೋಟೋ! “ಚಿನ್ನದ್ದು ಕೊಳ್ಳೋಕೆ ನಮ್ಮಲ್ಲಿ ದುಡ್ಡಿಲ್ಲ ಸಾರ್” ಎಂದಳು. 800 ಟನ್ ಕೊಟ್ಟ ಊರಿನಲ್ಲಿ ಈ ಮಾತು ಕೇಳಿ ನಗಬೇಕೋ ಬೇಡವೋ ತಿಳಿಯಲಿಲ್ಲ.

ಅಂಚೆಚೀಟಿಯ ಮೇಜಿನಲ್ಲಿ ನನ್ನ ಹಳೆಯ ಪರಿಚಯದ ಚೀಟಿಯೊಂದು ಕಂಡಿತು: 1947ರ ನವೆಂಬರ್ 21ರಂದು ಹೊರಟ, ಸ್ವತಂತ್ರ ಭಾರತದ ಮೊದಲನೆಯ ಚೀಟಿ. ತ್ರಿವರ್ಣ ಧ್ವಜ, ‘ಜೈ ಹಿಂದ್’, ಮೂರೂವರೆ ಆಣೆ. ಬೆಲೆ ಕೇಳಿದೆ. ಒಂದು ಮಸಾಲೆದೋಸೆಗಿಂತ ಕಡಿಮೆ. ನನ್ನ ಮುಖ ಸಣ್ಣದಾಯಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಗದ್ದಲ ಮಕ್ಕಳ ಮೇಜಿನಲ್ಲಿ. ಅಣ್ಣಂದಿರಿಂದ ಬಂದ ಕ್ರಿಕೆಟ್ ಆಟಗಾರರ ಚೀಟಿಗಳು, ಕುಸ್ತಿಪಟುಗಳ ಚೀಟಿಗಳು, ಪೋಕೆಮಾನ್ ಎಂಬ ಜಪಾನೀ ಪ್ರಾಣಿಗಳು. ಅಲ್ಲಿ ದುಡ್ಡಿಲ್ಲ, ಅದಲುಬದಲು ಮಾತ್ರ. ಗೋಡೆಗೆ ಒಂದು ರಟ್ಟು ಅಂಟಿಸಿ ಮಕ್ಕಳೇ ನಿಯಮ ಬರೆದಿದ್ದರು: ‘1. ಮನೆಯಲ್ಲಿ ಕೇಳಿ ತರಬೇಕು. 2. ಚಿಕ್ಕವರಿಗೆ ಮೋಸ ಮಾಡಬಾರದು. 3. ಬೇಡವೆನಿಸಿದರೆ ಸಂಜೆಯೊಳಗೆ ವಾಪಸು ಕೇಳಬಹುದು, ಕೊಡಲೇಬೇಕು.’

ಮೂರನೆಯ ನಿಯಮದ ಮುಂದೆ ನಾನು ಬಹಳ ಹೊತ್ತು ನಿಂತೆ.

1969ರಲ್ಲಿ ನಮ್ಮ ತರಗತಿಯಲ್ಲಿ, ಚಾಂಪಿಯನ್ ರೀಫ್ಸಿನ ಲೈನ್ ಮನೆಯಿಂದ ಬರುತ್ತಿದ್ದ ಹುಡುಗನೊಬ್ಬ ನನ್ನ ಪಕ್ಕದಲ್ಲಿ ಕೂರುತ್ತಿದ್ದ. ಅವನ ತಂದೆ ಗಣಿಯೊಳಗೆ ಕೆಲಸ. ಧ್ವಜದ ಚೀಟಿ ನನ್ನಲ್ಲಿ ಎರಡಿದ್ದವು. ಅವನಿಗೆ ಒಂದರ ಮೇಲೆ ಪ್ರಾಣ. ಬದಲಿಗೆ ಅವನು ತಂದದ್ದು ದುಂಡನೆಯ ಹಿತ್ತಾಳೆಯ ಬಿಲ್ಲೆ: ಮೇಲೆ ತೂತು, ನಡುವೆ ಸಂಖ್ಯೆ. “ಇಂಥ ಚೀಟಿ ಇಡೀ ಜಿಲ್ಲೆಯಲ್ಲಿ ಇಲ್ಲ” ಎಂದು ಹೇಳಿ ಬಿಲ್ಲೆ ತೆಗೆದುಕೊಂಡೆ. ಮರುದಿನ ಅವನು ಚೀಟಿಯನ್ನು ಪುಸ್ತಕದ ನಡುವೆ ಇಟ್ಟುಕೊಂಡು ಬಂದ. “ವಾಪಸ್ ಕೊಡೋ. ಬಿಲ್ಲೆ ಇಲ್ಲದೆ ಅಪ್ಪನ್ನ ಒಳಗೆ ಬಿಡಲಿಲ್ಲ. ಒಂದು ದಿನದ ಕೂಲಿ ಹೋಯ್ತು” ಎಂದ. ನಾನು, “ಕೊಟ್ಟದ್ದು ಕೊಟ್ಟಾಯಿತು” ಎಂದೆ. ಮನೆಯಲ್ಲಿ ಅಂಗಡಿಯವರು ಆಡುವ ಮಾತು ಕೇಳಿ ಕಲಿತದ್ದು. ಅವನು ಅಳಲಿಲ್ಲ, ಜಗಳ ಆಡಲಿಲ್ಲ. ಚೀಟಿಯನ್ನು ನನ್ನ ಬೆಂಚಿನ ಮೇಲಿಟ್ಟು ಬೇರೆ ಕಡೆ ಹೋಗಿ ಕೂತ. ಹೀಗೆ ಎರಡೂ ನನ್ನಲ್ಲೇ ಉಳಿದವು! ಮಾರನೆಯ ವರ್ಷ ತಂದೆಯವರಿಗೆ ಅರಸೀಕೆರೆಗೆ ವರ್ಗವಾಯಿತು.

ಆ ಬಿಲ್ಲೆಯನ್ನೇ ಹರಾಜಿಗೆ ಕೊಡಬೇಕೆಂದು ತಂದಿದ್ದೆ. ಶಾಲೆಗೆ ಕೊಟ್ಟರೆ ಹಳೆಯ ಸಾಲ ತೀರಿದಂತೆ ಎಂಬ ಒಳಗಿನ ಲೆಕ್ಕವೂ ಇತ್ತು. ಬೆಂಗಳೂರಿನಿಂದ ಬಂದ ಸಂಗ್ರಾಹಕರೊಬ್ಬರು ಡಬ್ಬಿಯಲ್ಲಿ ಇಣುಕಿ, ಹರಾಜಿಗೆ ಮುಂಚೆಯೇ, “ಎರಡು ಸಾವಿರ ಕೊಡುತ್ತೇನೆ” ಎಂದರು. ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು, ಮೊಮ್ಮಗನನ್ನು ಕರೆತಂದವರು, ಕೈ ನೀಡಿದರು. ಬಿಲ್ಲೆಯನ್ನು ಬೆರಳಿನಿಂದ ಒರಸಿ ನೋಡಿದರು.

“ಇದು ನಮ್ಮದು ಸಾರ್. ಇದು ಕೊಟ್ಟರೆ ದೀಪ ಕೊಡೋರು. ಮೇಲೆ ಬಂದು ದೀಪ ಕೊಟ್ಟರೆ ಇದು ವಾಪಸ್. ಬಿಲ್ಲೆ ಹಲಗೆ ಮೇಲೇ ಉಳೀತು ಅಂದರೆ, ಆ ಮನುಷ್ಯ ಇನ್ನೂ ಕೆಳಗೇ ಇದ್ದಾನೆ ಅಂತ ಲೆಕ್ಕ.”

“ಈ ಸಂಖ್ಯೆ ಯಾರದ್ದಿರಬಹುದು?” ಎಂದೆ.

“ಎಷ್ಟು ಸಾವಿರ ಜನ ಇದ್ದೆವು ಸಾರ್! ಹೆಂಗೆ ಹೇಳಲಿ?” ಎಂದು ಬಿಲ್ಲೆಯನ್ನು ನನ್ನ ಕೈಯಲ್ಲಿಟ್ಟರು. ಕೊಡುವಾಗ ಎರಡೂ ಕೈ ನೀಡಿ ಕೊಟ್ಟರು.

ಸಂಗ್ರಾಹಕರು ಮೂರು ಸಾವಿರಕ್ಕೆ ಏರಿದರು. ಸೋರುವ ಸೂರಿಗೆ ಆ ದುಡ್ಡು ಬೇಕಾಗಿತ್ತು, ನಿಜ. ಆದರೆ ನನ್ನದಲ್ಲದ ವಸ್ತುವನ್ನು ಮಾರಿ ನಾನು ದಾನಿಯಾಗುವುದು ಹೇಗೆ? ಧ್ವಜದ ಚೀಟಿಗಳನ್ನೂ ಬೆಂಕಿಪೊಟ್ಟಣದ ಚಿತ್ರಗಳನ್ನೂ ಹರಾಜಿಗೆ ಬಿಟ್ಟು, ಮೂರು ಸಾವಿರವನ್ನು ನನ್ನ ಜೇಬಿನಿಂದ ಕಟ್ಟಿದೆ. ಬಿಲ್ಲೆಯನ್ನು ಮುಖ್ಯೋಪಾಧ್ಯಾಯಿನಿಯವರ ಮುಂದಿಟ್ಟು, “ಇದು ನಿಮ್ಮ ಗಾಜಿನ ಬೀರುವಿನಲ್ಲಿರಲಿ. ಸಂಖ್ಯೆ ಕಾಣುವ ಹಾಗೆ ಇಡಿ. ಯಾರಾದರೂ ಗುರುತು ಹೇಳಿ ಕೇಳಿದರೆ ಕೊಟ್ಟುಬಿಡಿ” ಎಂದೆ.

ಅವರು ರಿಜಿಸ್ಟರು ತೆಗೆದರು. ‘ಹಿತ್ತಾಳೆ ಬಿಲ್ಲೆ, 1’ ಎಂದು ಬರೆದು, “ಮಾರಾಟವೋ, ದಾನವೋ, ಎರವಲೋ? ಇಲ್ಲಿ ಮೂರೇ ಕಾಲಂ ಇರುವುದು” ಎಂದರು.

ಮೂರೂ ಅಲ್ಲವೆಂದೆ. ಕಥೆ ಹೇಳಬೇಕಾಯಿತು. ಕೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು, ಮೂರು ಕಾಲಮ್ಮುಗಳಿಗೂ ಅಡ್ಡಗೆರೆ ಎಳೆದು, ಅಂಚಿನಲ್ಲಿ ‘ವಾಪಸು’ ಎಂದು ಬರೆದು ನನ್ನ ಸಹಿ ಕೇಳಿದರು.